ವಿಸ್ತರಣೆ ಸೇರಿದ ಮೇಲೂ ಮುಚ್ಚಳ ಕೂರಬೇಕು: ಬೋರ್ಡ್ ಗೇಮ್‌ನ ಮರದ ಇನ್ಸರ್ಟ್ ಪರೀಕ್ಷಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಇಷ್ಟದ ಬೋರ್ಡ್ ಗೇಮ್‌ಗೆ ವಿಸ್ತರಣೆ ಕೊಂಡಾಯಿತು. ಈಗ ಮನೆಯಲ್ಲಿ ಎರಡು ಡಬ್ಬಿ, ಅವುಗಳ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ. ಆಟ ಹೂಡುವಷ್ಟರಲ್ಲಿ ಬಂದವರು ಚಹಾ ಕುಡಿದು ಮುಗಿಸಿರುತ್ತಾರೆ. ಮರದ ಇನ್ಸರ್ಟ್ ತರಿಸಿದರೆ ಈ ಕಾಟ ತಪ್ಪುತ್ತದೆಯೇ? ಕೆಲವೊಮ್ಮೆ ಆಟದ ಬೆಲೆಯ ಹತ್ತಿರಕ್ಕೇ ಹೋಗುವ ಈ ಸಾಮಾನು ಆ ಹಣಕ್ಕೆ ತಕ್ಕುದೇ?

ಹೊಸಬರಿಗಾಗಿ ಎರಡು ಮಾತು. ವಿಸ್ತರಣೆ ಎಂದರೆ ಮೂಲ ಆಟಕ್ಕೆ ಹೊಸ ಕಾರ್ಡು, ಕಾಯಿ, ನಿಯಮಗಳನ್ನು ಸೇರಿಸುವ ಪ್ರತ್ಯೇಕ ಡಬ್ಬಿ. ಮೂಲ ಆಟ ಇಲ್ಲದೆ ಅದನ್ನು ಆಡಲಾಗದು. ಇನ್ಸರ್ಟ್ ಎಂದರೆ ಆಟದ ಡಬ್ಬಿಯೊಳಗೆ ಕೂರುವ ಖಾನೆಗಳ ಚೌಕಟ್ಟು. ಮರದ್ದಾದರೆ ಸಾಮಾನ್ಯವಾಗಿ ಮೂರು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಲೇಸರ್‌ನಿಂದ ಕತ್ತರಿಸಿದ ತುಂಡುಗಳು ಬರುತ್ತವೆ. ಹಲ್ಲಿಗೆ ಹಲ್ಲು ಕೂಡಿಸಿ, ಅಂಟು ಹಚ್ಚಿ ತಟ್ಟೆಗಳನ್ನು ನಾವೇ ಕಟ್ಟಿಕೊಳ್ಳಬೇಕು. ಹಂಗೇರಿಯ ಲೇಸರಾಕ್ಸ್, ಪೋಲೆಂಡಿನ ಇ-ರಾಪ್ಟರ್ ಈ ಕೆಲಸಕ್ಕೆ ಹೆಸರಾದ ಕಂಪನಿಗಳು. ನಮ್ಮಲ್ಲಿ ಆಸಕ್ತರು ತಾವೇ ನಕ್ಷೆ ಬರೆದು ಕತ್ತರಿಸಿಕೊಳ್ಳುವುದೂ ಉಂಟು.

ಇನ್ಸರ್ಟ್‌ಗಳ ಫೋಟೊಗಳೆಲ್ಲ ಆಟ ಶುರುವಾಗುವ ಮುಂಚಿನವು: ಪ್ರತಿ ಕಾಯಿಯೂ ತನ್ನ ಖಾನೆಯಲ್ಲಿ ಶಿಸ್ತಾಗಿ ಕೂತಿರುತ್ತದೆ. ನಾವು ನೋಡಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಆಟ ಮುಗಿದು, ಎಲ್ಲರಿಗೂ ಮನೆಗೆ ಹೋಗುವ ಅವಸರ ಇದ್ದಾಗ ಆ ಸಾಮಾನು ಎಷ್ಟು ಸಲೀಸಾಗಿ ಒಳಗೆ ಹೋಗುತ್ತದೆ ಎನ್ನುವುದನ್ನು. ಕೆಳಗಿನ ಹಂತಗಳೆಲ್ಲ ಆ ಒಂದು ಪರೀಕ್ಷೆಗಾಗಿ.

ಉದಾಹರಣೆಗೆ ಹೆಚ್ಚಿನವರು ಬಲ್ಲ ಕಟಾನ್ ಆಟವನ್ನೇ ಹಿಡಿದಿದ್ದೇನೆ. ಜರ್ಮನಿಯ ಕ್ಲಾಸ್ ಟ್ಯೂಬರ್ ರೂಪಿಸಿದ ಈ ಆಟ 1995ರಲ್ಲಿ ಬಂತು. ಅದರ ವಿಸ್ತರಣೆ ‘ಸಿಟೀಸ್ ಅಂಡ್ ನೈಟ್ಸ್’ ಬಂದದ್ದು 1998ರಲ್ಲಿ. ನಿಮ್ಮ ಆಟ ಬೇರೆಯಾದರೆ ಲೆಕ್ಕ ಬದಲಾಗುತ್ತದೆ, ಲೆಕ್ಕ ಹಾಕುವ ಬಗೆ ಬದಲಾಗದು.

ಬೇಕಾಗುವ ಸಾಮಾನು

ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್ (ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೆಯದು), ಮೂಲೆಮಟ್ಟ ಅಂದರೆ ಬಡಿಗೇರರ ಗುಣಿಯಾ, ಮರಕ್ಕೆ ಹಚ್ಚುವ ಬಿಳಿ ಅಂಟು, ಸಣ್ಣ ಬ್ರಷ್, ದಪ್ಪ ರಬ್ಬರ್ ಬ್ಯಾಂಡುಗಳು, ಕಾಗದದ ಅಂಟುಪಟ್ಟಿ, 240 ನಂಬರಿನ ಉಜ್ಜುಕಾಗದ (ಅಂಗಡಿಯಲ್ಲಿ ಪಾಲಿಶ್ ಪೇಪರ್ ಎಂದು ಕೇಳಿ), ಹಳೆಯ ಹತ್ತಿ ಬಟ್ಟೆ. ಸುತ್ತಿಗೆ ಬೇಡ. ಸುತ್ತಿಗೆ ಬೇಕೆನಿಸಿದ ಕಡೆ ಏನೋ ತಪ್ಪಾಗಿದೆ ಎಂದು ತಿಳಿಯಿರಿ.

ಹಂತ 1: ನಿಜಕ್ಕೂ ಬೇಕೇ?

ಕಾರ್ಡುಗಳಷ್ಟೇ ಇರುವ ಆಟಕ್ಕೆ ಬೇಡ. ಒಂದು ಉದ್ದ ಡಬ್ಬಿ, ನಡುವೆ ರಟ್ಟಿನ ತಡೆ ಸಾಕು. ವರ್ಷಕ್ಕೆ ಎರಡು ಸಲ ಆಡುವ ಆಟಕ್ಕೂ ಬೇಡ. ಸಣ್ಣ ತುಂಡುಗಳು ಬಹಳ, ಪ್ರತಿ ಆಟಗಾರನಿಗೂ ಒಂದು ಜೊತೆ ಸಾಮಾನು, ಮನೆಯವರು ಪದೇ ಪದೇ ಕೇಳುವ ಆಟ, ಈ ಮೂರೂ ಕೂಡಿದಲ್ಲಿ ಮಾತ್ರ ಹಣ ಹಾಕಿ.

ಹಂತ 2: ಅಳೆಯಿರಿ, ಕಾರ್ಡಿಗೆ ಕವಚ ತೊಡಿಸಿ ಅಳೆಯಿರಿ

ಹೆಚ್ಚಿನ ದೂರುಗಳೆಲ್ಲ ಹುಟ್ಟುವುದು ಇಲ್ಲಿ. ಸ್ಲೀವ್ ಎಂದರೆ ಕಾರ್ಡಿಗೆ ತೊಡಿಸುವ ತೆಳು ಪ್ಲಾಸ್ಟಿಕ್ ಕವಚ. ನಮ್ಮ ಕಡೆಯ ಬೇಸಿಗೆಯ ಬೆವರುಗೈ ಮತ್ತು ಧೂಳಿಗೆ ಅದು ಒಳ್ಳೆಯ ರಕ್ಷಣೆ ನಿಜ, ಆದರೆ ಕಾರ್ಡುಗಳ ಕಟ್ಟನ್ನು ಅದು ಎಷ್ಟು ದಪ್ಪ ಮಾಡುತ್ತದೆ ಎಂಬುದನ್ನು ಯಾರೂ ಮೊದಲು ಲೆಕ್ಕ ಹಾಕುವುದಿಲ್ಲ.

ಕಟಾನ್ ಮೂಲ ಆಟದಲ್ಲಿ 95 ಸಂಪನ್ಮೂಲ ಕಾರ್ಡು, 25 ಡೆವಲಪ್‌ಮೆಂಟ್ ಕಾರ್ಡು ಇವೆ. ಸಿಟೀಸ್ ಅಂಡ್ ನೈಟ್ಸ್ ಇದಕ್ಕೆ 36 ಸರಕಿನ ಕಾರ್ಡು, 54 ಪ್ರೋಗ್ರೆಸ್ ಕಾರ್ಡು ಸೇರಿಸುತ್ತದೆ. ಒಟ್ಟು 210. ಸಾಮಾನ್ಯ ಆಟದ ಕಾರ್ಡಿನ ದಪ್ಪ ಸುಮಾರು 0.3 ಮಿಲಿಮೀಟರ್ ಎಂದು ಹಿಡಿದರೆ ಬರಿಯ ಕಾರ್ಡುಗಳ ಕಟ್ಟು 63 ಮಿಲಿಮೀಟರ್. ದಪ್ಪ ಕವಚ, ಅಂದರೆ ಒಂದು ಬದಿಗೆ 100 ಮೈಕ್ರಾನ್ ಇರುವುದು, ಹಿಂದೆ ಮುಂದೆ ಸೇರಿ ಪ್ರತಿ ಕಾರ್ಡಿಗೆ 0.2 ಮಿಲಿಮೀಟರ್ ಕೂಡಿಸುತ್ತದೆ. ಆಗ ಅದೇ ಕಟ್ಟು 105 ಮಿಲಿಮೀಟರ್. ಕವಚಗಳ ನಡುವೆ ಸಿಕ್ಕ ಗಾಳಿ ಬೇರೆ. ಕವಚ ಇಲ್ಲದ ಕಾರ್ಡಿಗೆಂದು ಮಾಡಿದ ಖಾನೆಗೆ ಈ ಕಟ್ಟು ಹೋಗುವುದಿಲ್ಲ, ಎಷ್ಟು ಅದುಮಿದರೂ ಹೋಗುವುದಿಲ್ಲ. ತೆಳು ಕವಚ, ಅಂದರೆ 50 ಮೈಕ್ರಾನಿನ ಆಸುಪಾಸಿನದು, ಹಾಕಿದರೆ 84 ಮಿಲಿಮೀಟರಿಗೆ ನಿಲ್ಲುತ್ತದೆ. ಹಾಗಾಗಿ ಯಾವ ಕವಚ ಎಂಬ ತೀರ್ಮಾನ ಮೊದಲು, ಇನ್ಸರ್ಟ್ ಆಮೇಲೆ.

ಉದ್ದಗಲವನ್ನೂ ಬಿಡಬೇಡಿ. ಕಟಾನ್ ಕಾರ್ಡು 54×80 ಮಿಲಿಮೀಟರ್. ಇಸ್ಪೀಟಿನ ಪೋಕರ್ ಅಳತೆ 63.5×88.9. ಕವಚದ ಹೊರ ಅಂಚು ಕಾರ್ಡಿಗಿಂತ ಎರಡು, ಮೂರು ಮಿಲಿಮೀಟರ್ ಹೊರಗೇ ಇರುತ್ತದೆ. ಸರಿಯಾದ ಅಳತೆಯ ಕವಚ ಸಿಗಲಿಲ್ಲವೆಂದು ದೊಡ್ಡದನ್ನು ಹಾಕಿದವರ ಕಾರ್ಡುಗಳು ಖಾನೆಯಲ್ಲಿ ಓರೆಯಾಗಿ ಸಿಕ್ಕಿಕೊಂಡಿರುತ್ತವೆ.

ಇನ್ನೊಂದು ಗುಂಡಿ: ವಿಸ್ತರಣೆಯ ಕಾರ್ಡು ಮೂಲ ಆಟದ ಅಳತೆಯಲ್ಲೇ ಇರುತ್ತದೆ ಎಂದು ನಂಬುವುದು. ‘ಟಿಕೆಟ್ ಟು ರೈಡ್’ ಆಟದ 2004ರ ಅಮೆರಿಕ ಆವೃತ್ತಿಯಲ್ಲಿ ಕಾರ್ಡುಗಳು ಪುಟ್ಟವು. 2006ರಲ್ಲಿ ಬಂದ ‘1910’ ವಿಸ್ತರಣೆ ಅವುಗಳ ಬದಲಿಗೆ ದೊಡ್ಡ ಕಾರ್ಡುಗಳನ್ನೇ ಕೊಟ್ಟಿತು. ಮೂಲ ಆಟಕ್ಕೆಂದು ಕೊರೆದ ಖಾನೆ ಆಮೇಲೆ ಯಾತಕ್ಕೂ ಬರಲಿಲ್ಲ. ನಿಮ್ಮ ಡಬ್ಬಿಯ ಆವೃತ್ತಿ ಮತ್ತು ವರ್ಷವನ್ನು ಓದಿ, ಇನ್ಸರ್ಟ್ ಯಾವ ಆವೃತ್ತಿಗೆ ಎಂದು ಮಾರುವವರನ್ನು ಲಿಖಿತವಾಗಿಯೇ ಕೇಳಿ.

ರಟ್ಟಿನ ತುಂಡುಗಳ ಆಟವಾದರೆ ದಪ್ಪವೇ ಮುಖ್ಯ. ‘ಕಾರ್ಕಸೋನ್’ ಮೂಲ ಆಟದ 72 ಚೌಕಗಳು, ‘ಇನ್ಸ್ ಅಂಡ್ ಕೆಥೆಡ್ರಲ್ಸ್’ನ 18, ‘ಟ್ರೇಡರ್ಸ್ ಅಂಡ್ ಬಿಲ್ಡರ್ಸ್’ನ 24 ಸೇರಿದರೆ 114. ತಲಾ ಎರಡು ಮಿಲಿಮೀಟರ್ ಎಂದರೂ 228 ಮಿಲಿಮೀಟರ್ ಉದ್ದದ ಸಾಲು ಬೇಕು. ಹತ್ತು ತುಂಡನ್ನು ಒಟ್ಟಿಗೆ ಹಿಡಿದು ಅಳೆದು ಹತ್ತರಿಂದ ಭಾಗಿಸಿ. ಒಂದೊಂದೇ ಅಳೆದರೆ ತಪ್ಪು ಬೆಳೆಯುತ್ತದೆ.

ಕೊನೆಗೆ ಡಬ್ಬಿಯ ಒಳ ಅಳತೆ. ಹೊರಗಿನದನ್ನು ಅಳೆದು ರಟ್ಟಿನ ದಪ್ಪ ಕಳೆಯುವ ಉಪಾಯ ಬೇಡ, ಒಳಗೇ ಸ್ಕೇಲ್ ಇಳಿಸಿ. ಬೋರ್ಡು ಮತ್ತು ನಿಯಮದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ಅವುಗಳ ಎತ್ತರವನ್ನು ಒಟ್ಟು ಆಳದಿಂದ ಕಳೆಯಿರಿ. ಉಳಿದದ್ದೇ ಇನ್ಸರ್ಟಿಗೆ ಸಿಗುವ ಜಾಗ.

ಹಂತ 3: ನಕ್ಷೆಯನ್ನು ಓದಿ

ಕೊಳ್ಳುವ ಮುಂಚೆ ಮಾರುವವರ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಖಾನೆಗಳನ್ನು ಹೇಗೆ ಹಂಚಿದ್ದಾರೆ? ಎಲ್ಲ ರಸ್ತೆಗಳೂ ಒಂದು ಕಡೆ, ಎಲ್ಲ ಊರುಗಳೂ ಇನ್ನೊಂದು ಕಡೆ ಇದ್ದರೆ ನೋಡಲು ಚೆಂದ, ಆಡಲು ತಾಪತ್ರಯ. ಪ್ರತಿ ಆಟಕ್ಕೂ ಬಣ್ಣ ಆರಿಸಿ ಹಂಚಬೇಕು. ಆಟಗಾರನಿಗೊಂದು ತಟ್ಟೆ ಇರುವ ನಕ್ಷೆಯೇ ಒಳ್ಳೆಯದು ಎಂದು ನಾನು ಹಟ ಹಿಡಿದೇ ಹೇಳುತ್ತೇನೆ. ಕಟಾನ್‌ನಲ್ಲಿ ಒಬ್ಬನಿಗೆ 15 ರಸ್ತೆ, 5 ಊರು, 4 ನಗರ. ವಿಸ್ತರಣೆ ಸೇರಿದರೆ 6 ಸೈನಿಕರು, 3 ಕೋಟೆಗೋಡೆಗಳು. ಅಂದರೆ 24 ತುಂಡುಗಳ ತಟ್ಟೆ 33 ತುಂಡುಗಳನ್ನು ಹೊರಬೇಕು. ‘ವಿಸ್ತರಣೆಗೂ ಹೊಂದುತ್ತದೆ’ ಎಂದು ಬರೆದ ಎಷ್ಟೋ ಇನ್ಸರ್ಟ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ: ಆಟಗಾರರ ತಟ್ಟೆ ಹಳೆಯದೇ, ಸೈನಿಕರೆಲ್ಲ ಒಂದು ಮೂಲೆಯ ಖಾನೆಯಲ್ಲಿ ರಾಶಿ.

ಎರಡನೆಯದಾಗಿ, ವಿಸ್ತರಣೆ ಇಲ್ಲದೆ ಮೂಲ ಆಟವನ್ನಷ್ಟೇ ಆಡುವ ದಿನ ಏನಾಗುತ್ತದೆ ಎಂದು ನೋಡಿ. ಅತ್ತೆಮಾವ ಬಂದಿದ್ದಾರೆ, ಮೊದಲ ಸಲ ಆಡುತ್ತಾರೆ. ಅವರಿಗೆ ನೈಟ್ಸ್ ಬೇಡ. ಸಿಟೀಸ್ ಅಂಡ್ ನೈಟ್ಸ್ ಆಡುವಾಗ ಡೆವಲಪ್‌ಮೆಂಟ್ ಕಾರ್ಡುಗಳಿಗೆ ಕೆಲಸವಿಲ್ಲ, ಪ್ರೋಗ್ರೆಸ್ ಕಾರ್ಡುಗಳು ಅವುಗಳ ಜಾಗಕ್ಕೆ ಬರುತ್ತವೆ. ಇವೆರಡೂ ಬೇರೆ ಬೇರೆ ತಟ್ಟೆಯಲ್ಲಿದ್ದರೆ ಬೇಡದ್ದನ್ನು ಮುಟ್ಟದೆ ಬಿಡಬಹುದು. ಒಂದೇ ತಟ್ಟೆಯಲ್ಲಿ ಸೇರಿಸಿದ್ದರೆ ವಿನ್ಯಾಸಕಾರರು ಆಟ ಆಡಿ ನೋಡಿಲ್ಲ ಎಂದೇ ನನ್ನ ಗುಮಾನಿ.

ಕಾರ್ಡು ಖಾನೆಯ ಗೋಡೆಯಲ್ಲಿ ಬೆರಳು ತೂರಿಸುವ ಅರ್ಧಚಂದ್ರದ ಕಂಡಿ ಇದೆಯೇ, ಸಣ್ಣ ತುಂಡುಗಳ ಖಾನೆ ಬೆರಳು ಹೋಗದಷ್ಟು ಆಳವೇ ಎಂಬುದನ್ನೂ ಚಿತ್ರದಲ್ಲೇ ತಿಳಿಯಬಹುದು.

ಹಂತ 4: ಮರ ಯಾವುದು?

ಎಂಡಿಎಫ್ ಎಂದರೆ ಮರದ ನಾರನ್ನು ರಾಳದೊಂದಿಗೆ ಒತ್ತಿ ಮಾಡಿದ ಹಾಳೆ. ಸಪಾಟಾಗಿರುತ್ತದೆ, ಅಗ್ಗ, ಲೇಸರ್ ಕತ್ತರಿಸಿದ ಅಂಚು ಕಡುಗಂದು. ನೀರು ತಗುಲಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗದು. ಹೊಸದರಲ್ಲಿ ಕಣ್ಣು ಚುಚ್ಚುವ ವಾಸನೆ ಬರಬಹುದು; ಅದು ರಾಳದಲ್ಲಿರುವ ಫಾರ್ಮಾಲ್ಡಿಹೈಡ್‌ನಿಂದ. ಕೆಲವು ದಿನ ಗಾಳಿಯಾಡುವ ನೆರಳಿನಲ್ಲಿ ಬಿಡಿಸಿಟ್ಟು ಆಮೇಲೆ ಕಟ್ಟಿ. ಪ್ಲೈವುಡ್ ಹಗುರ, ಗಟ್ಟಿ, ನೋಡಲು ಮರದಂತೆಯೇ. ಆದರೆ ಬೆಲೆ ಹೆಚ್ಚು, ಹಾಳೆ ಸೊಟ್ಟಗಿರುವ ಸಂಭವವೂ ಹೆಚ್ಚು. ಬರ್ಚ್ ಮರದ್ದಾದರೆ ಉತ್ತಮ.

ತೂಕ ಮರೆಯಬೇಡಿ. ದೊಡ್ಡ ಇನ್ಸರ್ಟಿಗೆ ಅರ್ಧ ಚದರ ಮೀಟರ್ ಹಾಳೆ ಬೇಕಾದರೆ ಮೂರು ಮಿಲಿಮೀಟರ್ ಎಂಡಿಎಫ್‌ನಲ್ಲಿ ಅದು ಒಂದು ಕಿಲೊ ದಾಟುತ್ತದೆ. ಡಬ್ಬಿಯ ರಟ್ಟಿನ ಮೂಲೆಗಳು ಅದಕ್ಕಾಗಿ ಮಾಡಿದವಲ್ಲ. ಆಟವನ್ನು ಬಸ್ಸಿನಲ್ಲಿ ಊರಿಂದೂರಿಗೆ ಒಯ್ಯುವವರು ಹಗುರವಾದ ಫೋಮ್ ಹಾಳೆಯ ಇನ್ಸರ್ಟ್ ನೋಡುವುದು ಮೇಲು.

ಇಲ್ಲೇ ಕತ್ತರಿಸಿಕೊಳ್ಳುವವರಿಗೆ: ಅಕ್ರಿಲಿಕ್ ನಾಮಫಲಕ ಮಾಡುವ ಅಂಗಡಿಗಳಲ್ಲಿ ಲೇಸರ್ ಯಂತ್ರ ಇದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಬೀದರಿನವರಿಗೆ ಹೈದರಾಬಾದ್, ಕಲಬುರಗಿಯವರಿಗೆ ಸೊಲ್ಲಾಪುರ ದೂರವಲ್ಲ. ಹಾಳೆಯ ಮೇಲೆ ಬರೆದ ‘3 ಮಿ.ಮೀ.’ ನಂಬಬೇಡಿ, ಕ್ಯಾಲಿಪರ್ ಹಿಡಿದು ನೋಡಿ, 2.7 ಇದ್ದರೆ ಹಲ್ಲುಗಳು ಸಡಿಲ, 3.2 ಇದ್ದರೆ ಕೂರುವುದೇ ಇಲ್ಲ. ಲೇಸರ್ ತಾನು ಸುಟ್ಟು ತಿನ್ನುವ ಅಗಲವೂ ಇದೆ, ಅದಕ್ಕೆ ಕರ್ಫ್ ಎನ್ನುತ್ತಾರೆ, ಸುಮಾರು 0.2 ಮಿಲಿಮೀಟರ್. ಪೂರ್ತಿ ಕತ್ತರಿಸುವ ಮುಂಚೆ ಒಂದು ಹಲ್ಲು, ಒಂದು ಕಂಡಿ ಮಾತ್ರ ಕತ್ತರಿಸಿ ಕೂಡಿಸಿ ನೋಡಿ. ಎಚ್ಚರಿಕೆ: ನಾಮಫಲಕದವರ ಬಳಿ ಇರುವ ಬಿಳಿ ಸನ್‌ಬೋರ್ಡ್ ಪಿವಿಸಿ ಫೋಮ್ ಆಗಿರುತ್ತದೆ. ಅದನ್ನು ಲೇಸರ್‌ಗೆ ಕೊಡಲೇಬಾರದು. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮಿ ಮನುಷ್ಯರಿಗೂ ಯಂತ್ರಕ್ಕೂ ಹಾನಿ. ಅದನ್ನು ಬ್ಲೇಡಿನಿಂದ ಮಾತ್ರ ಕೊಯ್ಯಬೇಕು.

ಹಂತ 5: ಅಂಟಿಲ್ಲದೆ ಒಮ್ಮೆ ಕಟ್ಟಿ

ತುಂಡುಗಳನ್ನು ಹಾಳೆಯಿಂದ ಬಿಡಿಸುವಾಗ ಎಳೆಯಬೇಡಿ. ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ, ಬಾರದಿದ್ದರೆ ಬ್ಲೇಡು ಹಾಕಿ. ಅಂಚಿನ ಮಸಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಒರೆಸದೆ ಬಿಟ್ಟರೆ ಆ ಕಪ್ಪು ಮೊದಲು ಕೈಗೆ, ಅಲ್ಲಿಂದ ಕಾರ್ಡಿಗೆ.

ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲ ಇರುವ ಮನೆಯಾದರೆ ಅರ್ಧ ಕೆಲಸ ಸಲೀಸು. ತಟ್ಟೆಯ ತಳದ ಹಲಗೆಯನ್ನು ಅದರ ಮೇಲಿಟ್ಟು ಒಂದು ಮೂಲೆ ಒತ್ತಿ. ಎದುರು ಮೂಲೆ ಏಳುತ್ತಿದ್ದರೆ ಹಾಳೆ ಸೊಟ್ಟ. ಒರಟು ಕಲ್ಲಾದರೆ ಈ ಪರೀಕ್ಷೆಗೆ ಗಾಜಿನ ಟೀಪಾಯಿ ಬಳಸಿ. ಅಲ್ಪಸ್ವಲ್ಪ ಸೊಟ್ಟವನ್ನು ಗೋಡೆಗಳು ಎಳೆದು ಸರಿಮಾಡುತ್ತವೆ, ಐದಾರು ಮಿಲಿಮೀಟರ್ ಎದ್ದರೆ ಹಿಂದಿರುಗಿಸಿ. ಅಂಟು ಹಚ್ಚಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಎಲ್ಲ ತಟ್ಟೆಗಳನ್ನೂ ಹೀಗೆ ಒಣಗೇ ಕೂಡಿಸಿ, ಆಟದ ಸಾಮಾನು ತುಂಬಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ. ಖರೀದಿಯ ನಿಜವಾದ ತೀರ್ಪು ಹೊರಬೀಳುವುದು ಈ ಹೊತ್ತಿನಲ್ಲಿ.

ಡಬ್ಬಿಯ ಗೋಡೆಗೂ ಮರಕ್ಕೂ ನಡುವೆ ಒಟ್ಟಾರೆ ಎರಡು ಮಿಲಿಮೀಟರ್‌ ಸಡಿಲ ಬೇಕು. ಬಿಗಿಯಾಗಿದ್ದರೆ ಅಚ್ಚುಕಟ್ಟು ಎಂದು ಹಿಗ್ಗಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ ಪಾರಾ ನಲವತ್ತು ಡಿಗ್ರಿ ದಾಟಿ ಗಾಳಿ ಒಣಗಿರುತ್ತದೆ, ಮರದಲ್ಲಿ ತೇವ ಬಹಳ ಕಡಿಮೆ ಇರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದೇ ಮರ ಮತ್ತು ಡಬ್ಬಿಯ ರಟ್ಟು ಎರಡೂ ತೇವ ಹೀರಿ ಉಬ್ಬುತ್ತವೆ. ಬೇಸಿಗೆಯಲ್ಲಿ ಸರಿಯಾಗಿ ಕೂತ ತಟ್ಟೆ ಶ್ರಾವಣದಲ್ಲಿ ಮೇಲೇಳದೆ ಹಟ ಹಿಡಿಯುವುದು ಇದರಿಂದ.

ಹಂತ 6: ಅಂಟು

ಬಿಳಿ ಅಂಟನ್ನು ಹಲ್ಲಿಗೆ ತೆಳುವಾಗಿ ಹಚ್ಚಿ, ಕಂಡಿಗೆ ಸುರಿಯಬೇಡಿ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ; ಒಣಗಾಳಿಗೆ ಅಂಟಿನ ಮೇಲೆ ಬೇಗ ಕೆನೆ ಕಟ್ಟಿ ಹಿಡಿತ ಕೆಡುತ್ತದೆ. ಒಂದು ಸಲಕ್ಕೆ ಒಂದೇ ತಟ್ಟೆ. ಗುಣಿಯಾ ಇಟ್ಟು ಮೂಲೆ ನೋಡಿ, ಕರ್ಣಗಳೆರಡನ್ನೂ ಅಳೆಯಿರಿ. ಎರಡೂ ಸಮ ಇದ್ದರೆ ತಟ್ಟೆ ನೇರವಾಗಿದೆ. ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ಹೊರಗೆ ಜಿನುಗಿದ್ದನ್ನು ಹಸಿ ಇರುವಾಗಲೇ ಒರೆಸಬೇಕು.

ಕ್ಷಣದಲ್ಲಿ ಅಂಟುವ ಕ್ವಿಕ್ ಅಂಟು ಇಲ್ಲಿ ಬೇಡ. ತಪ್ಪಾಗಿ ಕೂತರೆ ತಿದ್ದಲು ಸಮಯ ಕೊಡುವುದಿಲ್ಲ, ಸುತ್ತ ಬಿಳಿ ಮಸುಕೂ ಹರಡುತ್ತದೆ.

ಹಂತ 7: ಬಣ್ಣ, ಪಾಲಿಶ್

ಬೇಕೇ ಬೇಕೆಂದಿಲ್ಲ. ಹಾಕುವುದಾದರೆ ಉಜ್ಜಿ, ಧೂಳು ಒರೆಸಿ, ತೆಳು ವಾರ್ನಿಷ್ ಒಂದು ಕೈ ಸಾಕು. ಪ್ರತಿ ಕೈಗೂ ಹಲಗೆ ದಪ್ಪವಾಗುತ್ತದೆ. ಮಳೆಗಾಲದ ತೇವದ ದಿನ ಲ್ಯಾಕರ್ ಹೊಡೆದರೆ ಬಿಳಿಚುತ್ತದೆ. ಬೆರಳಿಗೆ ಒಣಗಿದಂತೆ ಕಂಡರೂ ಒಂದು ವಾರ ಕಾದು ಆಮೇಲೆ ಕಾರ್ಡು ತುಂಬಿ, ಇಲ್ಲವಾದರೆ ಕವಚಗಳು ಅಂಟಿಕೊಳ್ಳುತ್ತವೆ.

ಹಂತ 8: ಮೇಜಿನ ಮೇಲಿನ ಪರೀಕ್ಷೆ

ಎರಡು ಮೂರು ಆಟ ಆಡಿದ ಮೇಲೆಯೇ ಅಭಿಪ್ರಾಯ ಹೇಳಿ. ನಾನು ನೋಡುವ ಸಂಗತಿಗಳು ಇವು.

ಮೊಬೈಲಿನಲ್ಲಿ ಸಮಯ ಹಾಕಿ: ಡಬ್ಬಿ ತೆರೆದದ್ದರಿಂದ ಮೊದಲ ದಾಳ ಉರುಳುವವರೆಗೆ ಎಷ್ಟು ನಿಮಿಷ, ಕೊನೆಯ ಅಂಕದಿಂದ ಮುಚ್ಚಳ ಬೀಳುವವರೆಗೆ ಎಷ್ಟು? ಚೀಲಗಳಿದ್ದಾಗಿನ ಸಮಯದ ಜೊತೆ ಹೋಲಿಸಿ. ಹೂಡುವುದು ಬೇಗವಾಗಿ ಎತ್ತಿಡುವುದು ತಡವಾದರೆ ಆ ಇನ್ಸರ್ಟ್ ನಿಮ್ಮ ಮನೆಯಲ್ಲಿ ಬಾಳುವುದಿಲ್ಲ. ಮೂರನೆಯ ವಾರಕ್ಕೆ ಎಲ್ಲವೂ ಮತ್ತೆ ಚೀಲಕ್ಕೆ.

ಆಟ ಮುಗಿದ ಮೇಲೆ ನೀವು ಸುಮ್ಮನೆ ಕೂತು, ಆ ಡಬ್ಬಿಯನ್ನು ಹಿಂದೆ ನೋಡಿರದ ಒಬ್ಬರಿಗೆ ಎತ್ತಿಡಲು ಹೇಳಿ. ‘ಇದು ಎಲ್ಲಿ ಹೋಗುತ್ತದೆ?’ ಎಂದು ಎಷ್ಟು ಸಲ ಕೇಳುತ್ತಾರೆ ಎಂಬುದು ಯಾವ ವಿಮರ್ಶೆಗಿಂತಲೂ ಹೆಚ್ಚು ತಿಳಿಸುತ್ತದೆ. ತಟ್ಟೆಗಳನ್ನು ಒಂದೇ ಕ್ರಮದಲ್ಲಿ ಮಾತ್ರ ಇಡಬಹುದಾದರೆ ಅವುಗಳ ಅಂಚಿಗೆ ಪೆನ್ಸಿಲ್‌ನಿಂದ ಅಂಕಿ ಬರೆದಿಡಿ.

ಆಮೇಲೆ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಮಂಚದ ಮೇಲೆ ಮೆಲ್ಲಗೆ ಅಲುಗಿಸಿ, ತೆರೆದು ನೋಡಿ. ತುಂಡುಗಳು ಖಾನೆ ದಾಟಿದ್ದರೆ ತಟ್ಟೆಗಳ ಮೇಲೆ ಬೋರ್ಡು ಒತ್ತಿ ಕೂರುತ್ತಿಲ್ಲ ಎಂದರ್ಥ. ಒಂದು ರಟ್ಟಿನ ಹಾಳೆ ನಡುವೆ ಇಟ್ಟರೆ ಹಲವು ಸಲ ಸರಿಹೋಗುತ್ತದೆ. ಮುಚ್ಚಳ ಎರಡು ಮೂರು ಮಿಲಿಮೀಟರ್ ಎದ್ದಿದ್ದರೆ ಸಹಿಸಬಹುದು. ಬೆರಳು ತೂರುವಷ್ಟು ಎದ್ದಿದ್ದರೆ ಧೂಳು ಒಳಗೆ ಬಂದೇ ಬರುತ್ತದೆ, ಮೇಲಿಟ್ಟ ಇನ್ನೊಂದು ಡಬ್ಬಿಯ ಭಾರಕ್ಕೆ ಮುಚ್ಚಳದ ಮೂಲೆಗಳೂ ಹರಿಯುತ್ತವೆ.

ನಿಮ್ಮ ಅಭಿಪ್ರಾಯವನ್ನು ಬೇರೆಯವರಿಗೆ ಬರೆದು ತಿಳಿಸುವುದಾದರೆ ‘ತುಂಬಾ ಚೆನ್ನಾಗಿದೆ’ ಬೇಡ. ಆಟದ ಆವೃತ್ತಿ, ಯಾವ ಯಾವ ವಿಸ್ತರಣೆ ಒಳಗಿದೆ, ಕವಚ ಇದೆಯೇ ಮತ್ತು ಎಷ್ಟು ಮೈಕ್ರಾನ್, ಮುಚ್ಚಳ ಎಷ್ಟು ಏಳುತ್ತದೆ, ಮರ ಯಾವುದು, ಕಟ್ಟಲು ಎಷ್ಟು ಹೊತ್ತು ಹಿಡಿಯಿತು, ಇವನ್ನು ಬರೆಯಿರಿ. ಕವಚದ ಮಾತಿಲ್ಲದ ವಿಮರ್ಶೆಯನ್ನು ನಾನು ಓದುವುದೇ ಇಲ್ಲ.

ಹಂತ 9: ಇಡುವ ಜಾಗ

ತಾರಸಿಯ ಬಿಸಿ ನೇರ ಇಳಿಯುವ ಸಜ್ಜಾದ ಮೇಲೆ ಬೇಡ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬೇಡ. ಕವಚ ಹಾಕಿದ ಕಾರ್ಡುಗಳೂ ಅಲ್ಲಿ ಬಾಗುತ್ತವೆ. ನೆಲಕ್ಕೆ, ಗೋಡೆಗೆ ತಾಗಿಸಿಯೂ ಇಡಬೇಡಿ. ಗೆದ್ದಲಿಗೆ ರಟ್ಟೂ ಪ್ಲೈವುಡ್ಡೂ ಒಂದೇ ರುಚಿ, ಹೊರಗಿನಿಂದ ಡಬ್ಬಿ ನೆಟ್ಟಗೇ ಕಾಣುತ್ತಿರುತ್ತದೆ. ಕಬ್ಬಿಣದ ಅಲಮಾರಿಯ ನಡುವಿನ ಅರೆ ಉತ್ತಮ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗೆ ಹಾಕಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದು ಅವರ ಕೈಗೆ ಸಿಗದಂತೆ ತಟ್ಟೆಯ ಅಡಿಯಲ್ಲಿಡಿ.